ನಾನು ಬಿಡಿಸಿದ ಮುಷ್ಟಿ

ಆಗ ನನಗೆ ಐವತ್ತಾರು. ಒಂಬತ್ತು ವರ್ಷದ ಹಿಂದಿನ ಮಾತು. ಸರಕಾರಿ ಆಸ್ಪತ್ರೆಯ ಹೆಣದ ಕೋಣೆಯಲ್ಲಿ ನನ್ನ ಕೆಲಸ. ಡಾಕ್ಟರ ಪಕ್ಕದಲ್ಲಿ ನಿಂತು ಕೊಯ್ಯುವುದು, ಹೊಲಿಯುವುದು, ತೊಳೆಯುವುದು, ಮನೆಯವರಿಗೆ ಒಪ್ಪಿಸುವುದು. ಭಟ್ಕಳ, ಹೊನ್ನಾವರ, ಕುಮಟಾ, ಎಲ್ಲಿ ಆಳು ಇಲ್ಲವೋ ಅಲ್ಲಿಗೆ ನನ್ನನ್ನು ಕಳಿಸುತ್ತಿದ್ದರು. ಇದು ನಡೆದದ್ದು ಯಾವ ಊರಿನ ಆಸ್ಪತ್ರೆಯಲ್ಲಿ ಅಂತ ಬರೆಯುವುದಿಲ್ಲ. ನಾನು ನಾಲ್ಕನೇ ಇಯತ್ತೆ ತನಕ ಹೋದವಳು. ಬರೆಯುವುದು ನಿಧಾನ. ಬೇಡದ್ದನ್ನು ಬರೆಯಲಿಕ್ಕೆ ಕೈಗೆ ಪುರುಸೊತ್ತಿಲ್ಲ.

ಆಗ ನಮ್ಮಲ್ಲಿ ಒಬ್ಬ ಹೊಸ ಡಾಕ್ಟ್ರಮ್ಮ ಇದ್ದರು. ಮೈಸೂರು ಕಡೆಯವರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಬಂದು ಐದು ತಿಂಗಳಾಗಿತ್ತು. ಅವರಿಗಿಂತ ಮೊದಲು ಇದ್ದ ಡಾಕ್ಟರು ಬಾಗಿಲ ಹತ್ತಿರ ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದರು. "ಬಿಚ್ಚು, ತೋರಿಸು, ಆತು, ಹೊಲಿ" ಅನ್ನುವಷ್ಟಕ್ಕೆ ಅವರ ಕೆಲಸ ಮುಗಿಯುತ್ತಿತ್ತು. ಈ ಹುಡುಗಿ ಹಾಗಲ್ಲ. ತಾನೇ ಕತ್ತಿ ಹಿಡಿಯುತ್ತಿತ್ತು. ಹೆಣದ ಉಗುರಿನ ಸಂದಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿತ್ತು. ಮುಂದೆ ಓದಿದರೆ ಹೆಣ ಪರೀಕ್ಷೆಯ ವಿದ್ಯೆಯನ್ನೇ ಓದಬೇಕು, ಅದರಲ್ಲೇ ಮೇಲೆ ಹೋಗಬೇಕು ಅಂತ ಅದರ ಹಟ.

ಆಸ್ಪತ್ರೆಯ ಯಜಮಾನಿಕೆ ಇದ್ದ ದೊಡ್ಡ ಡಾಕ್ಟರಿಗೆ ಇದು ಸರಿ ಬರುತ್ತಿರಲಿಲ್ಲ.

"ಪ್ರಸೂತಿ ಓದು ಮಗಾ. ಇಲ್ಲಾ ಮಕ್ಕಳದ್ದು ಓದು. ಹೆಣ ಕೊಯ್ಯುವವಳನ್ನು ಯಾವನು ಮದುವೆ ಆಗ್ತಾನೆ?"

"ಹೆಣ ಅಂತೂ ಮದುವೆ ಆಗೋದಿಲ್ಲ, ಅಷ್ಟು ಮಾತ್ರ ಗೊತ್ತು ಸರ್" ಅಂದರು ಡಾಕ್ಟ್ರಮ್ಮ. ನಾನು ಗೋಡೆ ಕಡೆ ತಿರುಗಿ ನಕ್ಕೆ.

ನನಗೂ ಅವರಿಗೂ ಒಂದೇ ವಿಷಯಕ್ಕೆ ಜಗಳ. ಡಾಕ್ಟರು ಬರುವ ಮೊದಲೇ ನಾನು ಹೆಣಕ್ಕೆ ನೀರು ಹಾಕುತ್ತಿದ್ದೆ. ಬಾಯಿ ಒರೆಸಿ, ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿದ್ದರೆ ಬಿಡಿಸಿ ಬೆರಳು ನೆಟ್ಟಗೆ ಮಾಡುತ್ತಿದ್ದೆ. ಮುಷ್ಟಿ ಕಟ್ಟಿದ ಹೆಣವನ್ನು ನಮ್ಮ ಕಡೆ ಎಷ್ಟೋ ಮನೆಯವರು ಅಂಗಳಕ್ಕೆ ಇಳಿಸಿಕೊಳ್ಳಲು ಹೆದರುತ್ತಾರೆ. ಹೋಗುವವನು ಮನೆಯದ್ದೇನೋ ಹಿಡಿದುಕೊಂಡು ಹೋದ ಅನ್ನುತ್ತಾರೆ. ಬಿಡಿಸುವಾಗ ಕೈಯಲ್ಲಿ ಎಂತದಾದರೂ ಸಿಕ್ಕಿದರೆ ಅದನ್ನು ಎಸೆಯಬಾರದು, ಅದು ಸತ್ತವನದು. ಹೊದೆಸುವ ಬಿಳಿ ಬಟ್ಟೆಯ ಮೂಲೆಗೆ ಗಂಟು ಹಾಕಿ ಅವನ ಜೊತೆಗೇ ಕಳಿಸಬೇಕು. ನನಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟದ್ದು ಇದು. ಇಪ್ಪತ್ತೆರಡು ವರ್ಷ ಹಾಗೇ ಮಾಡಿದ್ದೆ.

"ಅಕ್ಕ, ನಾನು ನೋಡೋ ತನಕ ಮುಟ್ಟಬೇಡಿ ಅಂದಿದ್ದೆ" ಅಂತ ಡಾಕ್ಟ್ರಮ್ಮ ಒಂದು ಸಲ ಹೇಳಿದರು. ಎರಡನೇ ಸಲ ಗೋಡೆಗೆ ಕಾಗದ ಅಂಟಿಸಿದರು. ಮೂರನೇ ಸಲ ಮಾತು ದೊಡ್ಡ ಡಾಕ್ಟರಿಗೆ ಹೋಯಿತು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಅಂತ ಅವರು ಬರವಣಿಗೆಯಲ್ಲೇ ಕೊಟ್ಟರು. ನಾನು ಕಾಯಂ ಆಳಲ್ಲ, ಗುತ್ತಿಗೆಯವಳು. ಕಳಿಸಿಬಿಡುವುದು ಅವರಿಗೆ ಸುಲಭ.

ಇಷ್ಟು ಗೊತ್ತಿದ್ದೂ ಆ ದಿನ ಮತ್ತೆ ಮಾಡಿದೆ.

ಬೆಳಿಗ್ಗೆ ಒಂಬತ್ತಕ್ಕೆ ಹೆಣ ಬಂತು. ಮಾವಿನಕುರ್ವೆಯ ಮೀನುಗಾರ, ನಲವತ್ತರ ಆಸುಪಾಸು. ಹಿಂದಿನ ಸಂಜೆ ದೋಣಿ ತೆಗೆದುಕೊಂಡು ಒಬ್ಬನೇ ಹೊಳೆ ಸಮುದ್ರ ಸೇರುವ ಅಳಿವೆ ಕಡೆ ಬಲೆ ಬಿಡಲು ಹೋಗುತ್ತೇನೆ ಅಂತ ಮನೆ ಬಿಟ್ಟವನು. ಬೆಳಿಗ್ಗೆ ಇಳಿತದ ಹೊತ್ತಿಗೆ ದಡದಲ್ಲಿ ಸಿಕ್ಕಿದ. ತಲೆಯ ಎಡಗಡೆ ಚರ್ಮ ಹರಿದಿತ್ತು. ದಡದ ಮೇಲೇ ಪಂಚನಾಮೆ ಮುಗಿಸಿ, ಜೊತೆಗೆ ಒಬ್ಬ ಪೊಲೀಸನನ್ನು ಕಳಿಸಿದ್ದರು. ಬರುವಾಗ ಅವನೇ ಸುದ್ದಿಯನ್ನೂ ತಂದ. ಹಿಂದಿನ ಸಂಜೆ ದೋಣಿ ಕಟ್ಟುವ ಜಾಗದಲ್ಲಿ ಸತ್ತವನಿಗೂ ಅವನ ಹೆಂಡತಿಯ ಅಣ್ಣನಿಗೂ ಬಲೆ ಬಿಡುವ ಜಾಗದ ಮೇಲೆ ಜಗಳವಾಗಿತ್ತು. ಭಾವ ಹೊಡೆಯಲು ದೋಣಿಯ ಹುಟ್ಟು ಎತ್ತಿದ್ದನ್ನು ನಾಲ್ಕು ಜನ ನೋಡಿದ್ದಾರೆ. ಹೊಡೆದು ಕೊಂದು ಹೊಳೆಗೆ ಹಾಕಿದ್ದಾನೆ ಅಂತ ಊರೆಲ್ಲ ಮಾತು. ಭಾವ ಠಾಣೆಯಲ್ಲಿ ಕೂತಿದ್ದ.

ಡಾಕ್ಟ್ರಮ್ಮ ಹೊರರೋಗಿಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದರು. ಪೊಲೀಸ ಚಾ ಕುಡಿಯಲು ಹೋದ. ಸತ್ತವನ ಹೆಂಡತಿ ಬಿಳಿ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ. ಕಣ್ಣು ಒಣಗಿ ಕೆಂಪಾಗಿತ್ತು.

"ಅಕ್ಕ, ಅವ್ರ ಕೈ ಕಟ್ಕಂಡದೆ. ನಾ ದಡದಲ್ಲೇ ಕಂಡೆ. ಬಿಡ್ಸಿ ಕೊಡಿ."

"ಡಾಕ್ಟ್ರು ಬರ್ಲಿ."

"ಡಾಕ್ಟ್ರು ಬಿಡ್ಸುದಿಲ್ಲ, ಕೊಯ್ತಾರೆ. ನೀವು ಬಿಡ್ಸಿ. ಮನೇಲಿ ಎರಡು ಹೆಣ್ಮಕ್ಕಳು ಇದ್ದೊ. ಎಂತ ಹಿಡ್ಕಂಡು ಹೋದ್ರೋ ಅಂತ ನನ್ನ ಅತ್ತೆ ಈಗ್ಲೇ ಸುರು ಮಾಡ್ಯದೆ."

ನಾನು ಬಕೀಟು ತುಂಬಿಸಿದೆ.

ಮೂಗು ಬಾಯಿಯಲ್ಲಿ ಬಿಳೀ ನೊರೆ ಇತ್ತು. ಸೋಪಿನ ನೊರೆಯ ಹಾಗೆ ಸಣ್ಣದು, ಗಟ್ಟಿ. ಒರೆಸಿದೆ. ತಲೆಯ ಗಾಯಕ್ಕೆ ನೀರು ಬಿಟ್ಟೆ. ಎಡಗೈ ಅರ್ಧ ತೆರೆದೇ ಇತ್ತು. ಬಲಗೈ ಮಾತ್ರ ಬೇರೆ ತರಹ. ಸತ್ತ ಮೇಲೆ ಮೈಯೆಲ್ಲ ಸೆಟೆದುಕೊಳ್ಳುವುದು ನನಗೆ ಗೊತ್ತು, ಅದನ್ನು ಮುರಿಯುವ ಬಲವೂ ಗೊತ್ತು. ಇದು ಅದಲ್ಲ. ನನ್ನ ಎರಡೂ ಹೆಬ್ಬೆರಳು ತೂರಿಸಿ ಒಂದೊಂದೇ ಬೆರಳು ಎಬ್ಬಿಸಬೇಕಾಯಿತು. ಬದುಕಿದವನ ಹತ್ತಿರ ಕಿತ್ತುಕೊಂಡ ಹಾಗಾಯಿತು. ಒಳಗೆ ಹಸಿರು ಪಾಚಿಯ ಒಂದು ಉಂಡೆ, ಅದರಲ್ಲಿ ಬಂಡೆಗೆ ಕಚ್ಚುವ ಚಿಪ್ಪಿನ ಎರಡು ಚೂರು. ಬಟ್ಟೆಯ ಮೂಲೆಗೆ ಹಾಕಿ ಗಂಟು ಬಿಗಿದೆ. ಮಡಚಿ ಹೊರಗೆ ಅವಳ ಕೈಗೆ ಕೊಟ್ಟೆ. ಎಲ್ಲ ಸೇರಿ ಕಾಲು ಗಂಟೆ.

ಹನ್ನೊಂದಕ್ಕೆ ಡಾಕ್ಟ್ರಮ್ಮ ಬಂದರು. ಹೆಣ ಮಲಗಿಸಿದ ಒದ್ದೆ ಕಲ್ಲು ನೋಡಿದರು, ನನ್ನನ್ನು ನೋಡಿದರು.

"ನೀರು ಹಾಕಿದ್ರಾ?"

"ಮಣ್ಣು ಬಾಳ ಇತ್ತು ಅಮ್ಮ. ಕಾಲಿಗೆ ಮಾತ್ರ ಹಾಕ್ದೆ."

ಅವರು ಕೈಗವಸು ತೊಟ್ಟರು. ಮೊದಲು ಹೊರಗಿನ ಪರೀಕ್ಷೆ. ದವಡೆ, ಕುತ್ತಿಗೆ, ಮೊಣಕೈ, ಮೊಣಕಾಲು ಒಂದೊಂದನ್ನೇ ಮಡಚಲು ನೋಡಿ ಬರೆದುಕೊಂಡರು. ಎಲ್ಲ ಮರದ ಹಾಗೆ ಗಟ್ಟಿ. ಬಲಗೈಗೆ ಬಂದವರು ಅಲ್ಲೇ ನಿಂತರು. ಮೊಣಕೈ ಗಟ್ಟಿ, ಮಣಿಕಟ್ಟು ಗಟ್ಟಿ, ಬೆರಳು ಮಾತ್ರ ಬಟ್ಟೆಯ ಹಾಗೆ ಸಡಿಲ.

"ಇದನ್ನ ಯಾರಾದ್ರೂ ಬಿಡಿಸಿದ್ರಾ ಅಕ್ಕ?"

ಗೋಡೆಯ ಮೇಲಿನ ಕಾಗದ ನನ್ನ ಎದುರಿಗೇ ಇತ್ತು.

"ಇಲ್ಲ" ಅಂದೆ.

ಅವರು ಮತ್ತೊಮ್ಮೆ ಬೆರಳು ಮಡಚಿ ನೋಡಿದರು. ಉಗುರಿನ ಸಂದಿಯಲ್ಲಿ ಏನೂ ಇರಲಿಲ್ಲ. ಅದನ್ನೂ ನಾನು ಬ್ರಶ್ ಹಾಕಿ ತೊಳೆದಿದ್ದೆ.

ತಲೆಯ ಗಾಯದ ಆಳದಿಂದ ಚಿಮಟದಲ್ಲಿ ಒಂದು ಚಿಪ್ಪಿನ ಚೂರು ತೆಗೆದರು. ಅಕ್ಕಿಕಾಳಿನಷ್ಟು. ಸಣ್ಣ ಬಾಟಲಿಗೆ ಹಾಕಿದರು. ಆಮೇಲೆ ನಾನು ಗಲ್ಲದ ಕೆಳಗಿನಿಂದ ಹೊಕ್ಕುಳಿನ ಕೆಳಗಿನವರೆಗೆ ಬಿಚ್ಚಿದೆ. ಶ್ವಾಸಕೋಶ ಉಬ್ಬಿ ಎದೆ ತುಂಬಿತ್ತು. ಒತ್ತಿದ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಉಸಿರಿನ ಕೊಳವೆಯಲ್ಲಿ ಸ್ವಲ್ಪ ನೊರೆ. ಹೊಟ್ಟೆಯಲ್ಲಿ ಒಂದು ಲೋಟದಷ್ಟು ನೀರು. ತಲೆಯ ಚರ್ಮ ಹಿಂದೆ ಸರಿಸಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಗರಗಸ ಹಾಕಿ ಬುರುಡೆ ತೆಗೆದೆ. ಎಲುಬು ಒಡೆದಿರಲಿಲ್ಲ.

"ಪೆಟ್ಟು ಬಿದ್ದಾಗ ಜೀವ ಇತ್ತು" ಅಂದರು. "ನೀರಿಗೆ ಬಿದ್ದಾಗ ಇತ್ತಾ ಅನ್ನೋದೇ ಪ್ರಶ್ನೆ."

"ನೊರೆ ಇತ್ತಲ್ಲ ಅಮ್ಮ?"

"ತಲೆಗೆ ಪೆಟ್ಟು ತಿಂದು ಸತ್ತವರಿಗೂ ಇಷ್ಟು ನೊರೆ ಬರಬಹುದು. ಮೂಗಿನ ಹೊರಗೆ ಬಂದಿದ್ರೆ ಬೇರೆ ಮಾತು. ಬಂದಿಲ್ಲ."

ಬಂದಿತ್ತು. ನಾನು ಒರೆಸಿದ ಬಟ್ಟೆ ಮೂಲೆಯ ಬಕೀಟಿನಲ್ಲಿ ನೆನೆಯುತ್ತಿತ್ತು.

ಎದೆಯ ಎಲುಬಿನ ತುಂಡು ತೆಗೆದು ಇಟ್ಟರು. ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದಂತೆ. ಮುಳುಗುವಾಗ ಎದೆ ಬಡಿಯುತ್ತಿದ್ದರೆ ಅದು ರಕ್ತದ ಜೊತೆ ಎಲುಬಿನ ಒಳಗೂ ಹೋಗುತ್ತದಂತೆ. ಆದರೆ ಅದನ್ನು ದೂರದ ಊರಿಗೆ ಕಳಿಸಬೇಕು, ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಜಾಡಿಗಳಿಗೆ ಉಪ್ಪು ನೀರು ತುಂಬಿ ಅರಗಿನ ಮುದ್ರೆ ಹಾಕಿದೆವು. ದಬ್ಬಣದಲ್ಲಿ ಹೊಲಿದೆ. ಒಂದೂವರೆಗೆ ಹೆಣ ಒಪ್ಪಿಸಿದೆ. ಗಂಟು ಇದ್ದ ಬಟ್ಟೆಯನ್ನೇ ಹೊದೆಸಿದರು.

ಹೆಂಡತಿ ನನ್ನ ಹತ್ತಿರ ಬಂದಳು.

"ಅಕ್ಕ, ನಮ್ಮಣ್ಣ ಹೊಡ್ದದ್ದಾ? ನೀವು ಒಳಗಿಂದ ಕಂಡ್ರಲ್ಲ, ಹೇಳಿ."

"ನಂಗೆ ಎಂತ ಗೊತ್ತು? ನಾ ಹೊಲಿಯುವವಳು."

"ಅಣ್ಣನೂ ಹೋದ್ರೆ ನಂಗೆ ತವರು ಅಂತ ಇಲ್ಲ" ಅಂದಳು. ಬೇಡಿಕೊಂಡ ಹಾಗೆ ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಗಾಡಿ ಹತ್ತಿದಳು.

ನಾನು ಕಲ್ಲು ತೊಳೆದೆ, ಕತ್ತಿ ತೊಳೆದೆ. ಡಾಕ್ಟ್ರಮ್ಮ ಊಟಕ್ಕೆ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ವರದಿ ಎದುರಿಟ್ಟುಕೊಂಡು ಕೂತಿದ್ದರು. ತಮ್ಮ ಎಡಗೈ ಮುಷ್ಟಿ ಕಟ್ಟುವುದು, ಬಲಗೈಯಲ್ಲಿ ಅದನ್ನು ಬಿಡಿಸುವುದು, ಇದನ್ನೇ ಮಾಡುತ್ತಿದ್ದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ಹಾದುಹೋದರು.

"ಇನ್ನೂ ಆಗಿಲ್ವಾ? ತಲೆಗೆ ಪೆಟ್ಟು ಇದೆ, ಬರೆದುಬಿಡು. ಉಳಿದದ್ದು ಎಲುಬಿನ ವರದಿ ಬಂದ ಮೇಲೆ ಅಂತ ಹಾಕು. ಠಾಣೆಯ ಫೌಜದಾರರು ಎರಡು ಸಲ ಫೋನ್ ಮಾಡಿದ್ರು."

"ಬಲಗೈ ಬೆರಳಿನ ಲೆಕ್ಕ ಸಿಕ್ತಾ ಇಲ್ಲ ಸರ್."

"ಬೆರಳು! ಅದಕ್ಕೇ ಹೇಳಿದ್ದು ಪ್ರಸೂತಿ ಓದು ಅಂತ."

ಅವರು ಹೋದರು. ಈ ಹುಡುಗಿ ನನ್ನ ಕಡೆ ತಿರುಗಿತು.

"ಅಕ್ಕ, ನೀವು ಇಪ್ಪತ್ತು ವರ್ಷದಿಂದ ನೋಡಿದ್ದೀರಿ. ಮೈಯೆಲ್ಲ ಸೆಟೆದು ಒಂದೇ ಕೈಯ ಬೆರಳು ಮಾತ್ರ ಸಡಿಲ ಇದ್ದದ್ದು ಯಾವತ್ತಾದ್ರೂ ನೋಡಿದ್ದೀರಾ?"

"ಇಲ್ಲ."

"ಹಾಗಾದ್ರೆ ನಾನೇ ಸರಿಯಾಗಿ ನೋಡಿಲ್ಲ. ಈ ಕೆಲಸಕ್ಕೆ ಬೇಕಾದ ಕಣ್ಣು ನನಗಿಲ್ವೇನೋ." ಹಾಗೆ ಹೇಳಿ ವರದಿಯಲ್ಲಿ 'ಸಡಿಲ' ಅಂತ ಬರೆದದ್ದರ ಮೇಲೆ ಪೆನ್ನು ಇಟ್ಟರು, ಹೊಡೆದುಹಾಕಲು.

ಅವರ ಕಣ್ಣು ಸರಿ ಇತ್ತು. ಆ ಕೋಣೆಯಲ್ಲಿ ಸರಿ ಇಲ್ಲದ್ದು ನನ್ನ ಬಾಯಿ ಒಂದೇ. ಠಾಣೆಯಲ್ಲಿ ಕೂತವನು ನನ್ನ ಸಂಬಂಧಿಕನಲ್ಲ, ಇವರೂ ಅಲ್ಲ. ಕೆಲಸ ಹೋದರೆ ನನಗೆ ಬೇರೆ ದಾರಿ ಇರಲಿಲ್ಲ. ಆದರೂ ಒಬ್ಬರು ಸರಿಯಾಗಿ ಕಂಡದ್ದನ್ನು ನನ್ನ ಎದುರಿಗೇ ಅಳಿಸುವುದನ್ನು ನೋಡಿಕೊಂಡು ಕಲ್ಲು ತಿಕ್ಕಲಿಕ್ಕೆ ನನ್ನಿಂದ ಆಗಲಿಲ್ಲ.

"ಹೊಡೆದುಹಾಕ್ಬೇಡಿ ಅಮ್ಮ. ನಾ ಬಿಡ್ಸಿದ್ದೆ" ಅಂದೆ.

ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

"ಕೈಯಲ್ಲಿ ಏನಿತ್ತು?"

"ಪಾಚಿ. ಎರಡು ಚಿಪ್ಪಿನ ಚೂರು."

"ಎಲ್ಲಿ ಬಿಸಾಡಿದ್ರಿ?"

"ಬಿಸಾಡುದಿಲ್ಲ. ಹೊದೆಸಿದ ಬಟ್ಟೆ ಮೂಲೇಲಿ ಗಂಟು ಹಾಕಿದ್ದೆ. ಅವನ ಜೊತೆ ಹೋತು." ಮೂಗಿನ ನೊರೆಯ ವಿಷಯವನ್ನೂ ಹೇಳಿದೆ. ಹೇಳುವುದಾದರೆ ಅರ್ಧ ಯಾಕೆ?

ಅವರು ಎದ್ದು ನಿಂತೇ ಫೌಜದಾರರಿಗೆ ಫೋನ್ ಮಾಡಿದರು. "ಸುಡೋದು ನಿಲ್ಲಿಸಿ. ಹೆಣ ಬೇಡ, ಬಟ್ಟೆ ಬೇಕು." ಆಮೇಲೆ ನನಗೆ "ಸ್ಕೂಟರಿನ ಹಿಂದೆ ಕೂತು ಅಭ್ಯಾಸ ಇದೆಯಾ?" ಅಂದರು. ಇರಲಿಲ್ಲ. ಒಂದು ಬದಿಗೆ ಕೂತು ಅವರ ಬಿಳಿ ಕೋಟು ಹಿಡಿದುಕೊಂಡೆ. ದಾರಿಯುದ್ದಕ್ಕೂ ಅವರೇ ಮಾತಾಡಿದರು.

"ಸಾಯೋ ಗಳಿಗೆಯಲ್ಲಿ ಜೀವ ಉಳಿಸಿಕೊಳ್ಳಲು ಹಿಡಿದದ್ದನ್ನ ಕೆಲವರ ಕೈ ಸತ್ತ ಮೇಲೂ ಬಿಡೋದಿಲ್ಲ ಅಕ್ಕ. ಸತ್ತವನ ಕೈಗೆ ಏನಾದ್ರೂ ಕೊಟ್ಟು ಹಾಗೆ ಹಿಡಿಸಲಿಕ್ಕೆ ಯಾರಿಂದಲೂ ಆಗೋದಿಲ್ಲ. ಜಗಳ ಆದ ಜಾಗದಲ್ಲಿ ಏನಿದೆ?"

"ದೋಣಿ ಕಟ್ಟುವಲ್ಲಿ? ಬರೀ ಹೊಯ್ಗೆ, ಮರಳು. ಪಾಚಿ ಇಲ್ಲ, ಬಂಡೆ ಇಲ್ಲ."

ಅವರು ಸ್ಕೂಟರ್ ಜೋರು ಮಾಡಿದರು.

ಮನೆಯ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಚಟ್ಟ ಕಟ್ಟಿ ಆಗಿತ್ತು. ಫೌಜದಾರರ ಜೀಪು ನಮಗಿಂತ ಮೊದಲೇ ಬಂದಿತ್ತು. ಜನ ಸಿಟ್ಟಾಗಿದ್ದರು.

"ಹೆಣ ಕೊಯ್ದದ್ದು ಸಾಕಾಗ್ಲಿಲ್ವಾ? ಈಗ ಬಟ್ಟೆ ಎಳೀತ್ರಾ?" ಅಂತ ಒಬ್ಬ ಮುದುಕ ಕೂಗಿದ.

ಫೌಜದಾರರು ಘಟ್ಟದ ಮೇಲಿನವರು, ವಿಜಾಪುರ ಕಡೆ ಮಾತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕವಾ, ಮುಂಜಾನೆ ಹೇಳಾಕ ಬಾಯಾಗ ಏನ್ ಇಟ್ಕೊಂಡಿದ್ದಿ?"

"ಕೆಲಸ" ಅಂದೆ.

"ಈಗ ನೀ ಹೇಳೂದು ಖರೇ ಅಂತ ನಾ ಹೆಂಗ ನಂಬಲಿ? ಆರೋಪಿ ಕಡೆಯವರು ನಿನ್ನ ಕೈಯಾಗ ಈ ಪಾಚಿ ಕೊಟ್ಟಿರಬಹುದು."

ಅವರು ಕೇಳಿದ್ದು ಸರಿಯೇ. ಹೆಣದ ಕೈಯಲ್ಲೇ ಇದ್ದಿದ್ದರೆ ಅದು ಸಾಕ್ಷಿ. ನಾನು ತೆಗೆದ ಮೇಲೆ ಅದು ಬರೀ ಕಸ.

ಆಗ ಸತ್ತವನ ಹೆಂಡತಿ ಎದ್ದು ಬಂದಳು.

"ನಾನೇ ಬಿಡ್ಸುಕೆ ಹೇಳಿದ್ದು" ಅಂದಳು. "ಬಾಗಿಲ ಸಂದಿಲಿ ನಿಂತು ಕಂಡಿದ್ದೆ. ಹಸಿರು ಉಂಡೆ ತೆಗೆದ್ರು, ಗಂಟು ಹಾಕಿದ್ರು, ನನ್ನ ಕೈಗೆ ಕೊಟ್ರು. ಆಗಿಂದ ಯಾರೂ ಬಿಚ್ಚಲಿಲ್ಲ. ಬರ್ಕಳಿ."

ಅವಳ ಅತ್ತೆ "ಅಣ್ಣನ್ನ ಉಳ್ಸುಕೆ ಸುಳ್ಳು ಹೇಳ್ತದೆ" ಅಂತ ಎದೆ ಬಡಿದುಕೊಂಡಳು.

"ಸುಳ್ಳಾದ್ರೆ ಗಂಟು ಬಿಚ್ಚಿ ಕಾಣಿ ಅತ್ತೆ. ನಾ ಒಳಗೆ ಎಂತ ಅದೆ ಅಂತ ಹೇಳಿದ್ದೆ, ಇನ್ನೂ ಬಿಚ್ಚಲಿಲ್ಲ."

ಇಬ್ಬರು ಪಂಚರನ್ನು ನಿಲ್ಲಿಸಿದರು. ಗಂಟು ಒದ್ದೆಯಾಗಿ ಬಿಗಿದಿತ್ತು. ಹಾಕಿದವಳು ನಾನು, ನಾನೇ ಬಿಚ್ಚಬೇಕಾಯಿತು. ಪಾಚಿ ಇತ್ತು, ಚೂರು ಎರಡು ಇದ್ದವು. ಡಾಕ್ಟ್ರಮ್ಮ ಕೈಚೀಲದಿಂದ ಗಾಯದಲ್ಲಿ ಸಿಕ್ಕ ಚೂರಿನ ಬಾಟಲಿ ತೆಗೆದು ಪಕ್ಕದಲ್ಲಿ ಹಿಡಿದರು. ಅದೇ ಬೂದು, ಅದೇ ನೇರಳೆ ಅಂಚು. ಮೀನು ಹಿಡಿಯುವ ಜನರ ಅಂಗಳ ಅದು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೂಗಾಡಿದ ಮುದುಕನೇ ಹತ್ತಿರ ಬಂದು ಬಗ್ಗಿ ನೋಡಿದ. "ಇದು ಅಳಿವೆ ಬಾಯಿ ಬಂಡೆದು" ಅಂದ. "ದೋಣಿ ಕಟ್ಟುವಲ್ಲಿ ಇದು ಹುಟ್ಟುದಿಲ್ಲ."

ಫೌಜದಾರರು ಪೊಲೀಸನನ್ನೂ ಆ ಮುದುಕನನ್ನೂ ದೋಣಿಯಲ್ಲಿ ಕಳಿಸಿದರು. ಮುಕ್ಕಾಲು ಗಂಟೆ ಎಲ್ಲರೂ ಹೆಣದ ಸುತ್ತ ಕೂತೆವು. ಅವರು ತಿರುಗಿ ಬಂದು ಹೇಳಿದರು: ಬಂಡೆಗೆ ಸತ್ತವನ ಬಲೆ ಸಿಕ್ಕಿಕೊಂಡಿದೆ, ಒಂದು ಕಡೆ ಪಾಚಿ ಕಿತ್ತುಹೋಗಿ ಹೊಸ ಕಲ್ಲು ಕಾಣುತ್ತಿದೆ. ಬಲೆ ಬಿಡಿಸಲು ಇಳಿದು ಜಾರಿದ್ದಾನೆ, ತಲೆ ಬಡಿದಿದೆ, ಹಿಡಿದುಕೊಳ್ಳಲು ನೋಡಿದ್ದಾನೆ. ಡಾಕ್ಟ್ರಮ್ಮ ಅಷ್ಟನ್ನೂ ಬರೆಯಲಿಲ್ಲ. ತಾನು ಕಂಡದ್ದು, ನಾನು ತೆಗೆದದ್ದು, ನಾನು ಒರೆಸಿದ್ದು ಇಷ್ಟನ್ನೇ ಬರೆದರು. ಎಲುಬಿನ ವರದಿ ಎಷ್ಟೋ ತಿಂಗಳ ಮೇಲೆ ಬಂತು. ಅದರಲ್ಲೂ ಮುಳುಗಿದ್ದೇ ಅಂತ ಇತ್ತು.

ಫೌಜದಾರರು ಠಾಣೆಗೆ ಫೋನ್ ಮಾಡಿ ಭಾವನನ್ನು ಜೀಪಿನಲ್ಲಿ ಕರೆಸಿದರು. "ಹೆಗಲು ಕೊಡಲಿ. ಕರೆದಾಗ ಬರಬೇಕು, ಊರು ಬಿಡಂಗಿಲ್ಲ" ಅಂದರು. ಅವನು ಅಂಗಳಕ್ಕೆ ಇಳಿದ. ತಂಗಿ "ಎಡಗಡೆ ಹಿಡಿ, ನೀ ಎತ್ತರ ಇದ್ದೆ" ಅಂದಳು. ಅವನು ಹಿಡಿದ.

ನನ್ನ ಹೇಳಿಕೆ ಬರೆಸಿಕೊಂಡರು. ಹೆಬ್ಬೆಟ್ಟು ಒತ್ತು ಅಂದರು. ನನಗೆ ಸಹಿ ಬರುತ್ತದೆ ಅಂದೆ. ನನ್ನ ಹೆಸರು ನಾಲ್ಕು ಅಕ್ಷರ. ಅಂಗಳದ ಜನ ಎಲ್ಲ ಕಾಯುವಷ್ಟು ಹೊತ್ತು ತೆಗೆದುಕೊಂಡೆ.

ಆಸ್ಪತ್ರೆಗೆ ಬಂದಾಗ ಸಂಜೆ ಆರು. ದೊಡ್ಡ ಡಾಕ್ಟರು ಕಾಯುತ್ತಿದ್ದರು. ಕಾಗದ ತಯಾರಿತ್ತು. ನಿನ್ನನ್ನು ಯಾಕೆ ತೆಗೆದುಹಾಕಬಾರದು, ಬರವಣಿಗೆಯಲ್ಲಿ ಉತ್ತರ ಕೊಡು ಅಂತ. ಡಾಕ್ಟ್ರಮ್ಮ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡ ಅಂದೆ. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ:

"ಇನ್ನೊಂದು ಸಲ ನನ್ನ ಹತ್ತಿರ ಸುಳ್ಳು ಹೇಳಿದ್ರೆ ನಾನೇ ನಿಮ್ಮನ್ನ ಕಳಿಸ್ತೇನೆ."

"ಆತು" ಅಂದೆ.

ಮುಂದಿನ ವರ್ಷ ಅವರು ಓದಲು ಹೋದರು. ಈಗ ಒಂದು ದೊಡ್ಡ ಊರಿನಲ್ಲಿ ಆ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಮದುವೆಯೂ ಆಗಿದೆ.

ಆಫೀಸಿನ ಗುಮಾಸ್ತ ಒಳ್ಳೆಯವನು. ಆ ಕಾಗದಕ್ಕೆ ಉತ್ತರ ತಾನೇ ಬರೆದುಕೊಡುತ್ತೇನೆ ಅಂತ ಆ ಸಂಜೆಯೇ ಅಂದಿದ್ದ. 'ಮೃತರ ಕುಟುಂಬದ ಒತ್ತಾಯಕ್ಕೆ ಮಣಿದು, ಅನಕ್ಷರಸ್ಥೆಯಾದ ನಾನು' ಅಂತ ಸುರು ಮಾಡಿ ಓದಿಯೂ ತೋರಿಸಿದ್ದ. ಅವಳು ಒತ್ತಾಯ ಮಾಡಿರಲಿಲ್ಲ, ಕೇಳಿದ್ದಳು ಅಷ್ಟೇ. ನಾನು ಅನಕ್ಷರಸ್ಥೆಯೂ ಅಲ್ಲ.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಹೋದೆ. ಔಷಧಿ ಕೊಡುವ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆದೆ. 'ಮುಷ್ಟಿ ನಾನು ಬಿಡಿಸಿದೆ. ಕೇಳಿದಾಗ ಇಲ್ಲ ಅಂದೆ. ಎರಡೂ ತಪ್ಪು. ಮೂಗೂ ಒರೆಸಿದೆ.' ಕೆಳಗೆ ನಾಲ್ಕು ಅಕ್ಷರ ಹಾಕಿದೆ. ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟು ಹೆಣದ ಕೋಣೆಯ ಬೀಗ ತೆಗೆದೆ. ಆಗಲೇ ಒಂದು ಹೆಣ ಬಂತು, ಮುದುಕಿಯದು, ಬಾವಿಯಿಂದ ತೆಗೆದದ್ದು. ಎರಡೂ ಕೈ ಮುಷ್ಟಿ. ಮಗಳು ಕೈ ಬಿಡಿಸಿ ಅಂತ ಅತ್ತಳು. ನಾನು ಕಲ್ಲಿನ ಮೇಲೆ ಮಲಗಿಸಿ ಹೊರಗೆ ಬಂದೆ, ಬಾಗಿಲು ಎಳೆದುಕೊಂಡು, ಬಕೀಟು ಬೋರಲು ಹಾಕಿ ಅದರ ಮೇಲೆ ಕೂತೆ. ಡಾಕ್ಟ್ರಮ್ಮ ಬರುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ನನ್ನನ್ನೂ.